ಭಾವನ ಕೋವಿ, ಭೋಸರಿಯ ಪೈಪು

ಶಿಕಾರಿ ಮಾಡದವನು, ಮಾಡುವ ಆಸೆಯೂ ಇಲ್ಲದವನು, ಅನ್ನ ತಂಬುಳಿ ಉಂಡು ಬೆಳೆದವನು ಶಿಕಾರಿ ರೈಫಲ್ ಬಗ್ಗೆ ಬರೆಯಲು ಕೂತರೆ ಓದುವವರಿಗೆ ನಗು ಬರಬಹುದು. ಬರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಹಳೆಯ ಫೋಟೋಗಳಿಗೆ ಸೇರಿತು. ಅದು ಅಲ್ಲೇ ಇರಲಿ ಅನ್ನುವವನು ನಾನು. ಆದರೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಅಲ್ಲಿ ಶಿಕಾರಿ ಕಾನೂನಿನ ಒಳಗೇ ಇದೆ. ಆಫೀಸಿನ ಗೆಳೆಯರ ಜೊತೆ ಬೆಟ್ಟ ಹತ್ತಲು ಹೋದವರು ನಿಧಾನಕ್ಕೆ ಅದರ ಕಡೆ ವಾಲಿದರು. ಅಕ್ಕನಿಗೆ ಇದು ಇನ್ನೂ ಅರಗಿಲ್ಲ. ಆ ವಿಷಯ ಬೇರೆ.

ಒಂದು ದಿನ ಫೋನ್ ಮಾಡಿ, "ನೀನು ಮೆಕ್ಯಾನಿಕಲ್ ಅಲ್ವಾ ಮಾರಾಯಾ, ಒಂದು ಹಗುರದ ರೈಫಲ್ ಆರಿಸಬೇಕು. ಲೆಕ್ಕ ಹಾಕಿ ಹೇಳು" ಅಂದರು. ಜೊತೆಗೆ ಒಂದು ಎಕ್ಸೆಲ್ ಹಾಳೆಯನ್ನೂ ಕಳಿಸಿದ್ದರು. ಸಾಫ್ಟ್‌ವೇರಿನವರ ಅಭ್ಯಾಸ. ಇಪ್ಪತ್ತು ಚಿಲ್ಲರೆ ರೈಫಲ್‌ಗಳು, ತೂಕದ ಕಾಲಮ್ಮಿನ ಮೇಲೆ ಸಾಲಾಗಿ ಜೋಡಿಸಿದ್ದು. ಎಲ್ಲಕ್ಕಿಂತ ಮೇಲೆ ಕಿಂಬರ್ ಕಂಪನಿಯ ಮೌಂಟನ್ ಅಸೆಂಟ್, 2.2 ಕೆಜಿ ಹತ್ತಿರ. ಸ್ವಲ್ಪ ಕೆಳಗೆ ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್, ಸುಮಾರು 2.9. ಅದಕ್ಕೂ ಕೆಳಗೆ ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್, ಮೂರರ ಆಸುಪಾಸು. ಮೇಲಿರುವುದೇ ಒಳ್ಳೆಯದು, ದುಡ್ಡು ಸಾಲುತ್ತದೋ ನೋಡಬೇಕು ಅಷ್ಟೇ ಅನ್ನುವುದು ಭಾವನ ಅಂದಾಜು.

ನನಗೆ ಆ ಹಾಳೆಯಲ್ಲಿ ಮುಖ್ಯವಾದ ಒಂದು ಕಾಲಮ್ಮೇ ಕಾಣಲಿಲ್ಲ. ಆ ತೂಕ ಕೋವಿಯ ಉದ್ದದಲ್ಲಿ ಎಲ್ಲೆಲ್ಲಿ ಕೂತಿದೆ ಅನ್ನುವುದು.

ಕೋವಿ ನನಗೆ ಹೊಸದೇನಲ್ಲ. ಶಿರಸಿ ಕಡೆ ಅಡಿಕೆ ತೋಟ ಇದ್ದವರ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ ಕೋವಿ ಇರುವುದು ಮಾಮೂಲು. ದೊಡ್ಡಪ್ಪನ ಹತ್ತಿರ ಒಂಟಿ ನಳಿಗೆಯ 12 ಬೋರಿನ ತೋಟಾ ಕೋವಿ ಇತ್ತು. ಮಂಗ, ಹಂದಿ ಓಡಿಸಲು ಗಾಳಿಗೆ ಒಂದು ಈಡು ಹೊಡೆಯುವುದು, ಉಳಿದ ದಿನ ಬೀಗದೊಳಗೆ ಕೂರುವುದು. ಇಷ್ಟೇ ಅದರ ಕೆಲಸ. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಅಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿರುತ್ತಿದ್ದವು. ದೊಡ್ಡಪ್ಪ ಕೋವಿಯನ್ನು ಕೈಯಲ್ಲಿ ಹಿಡಿಯುತ್ತಿದ್ದ ಜಾಗ ಯಾವಾಗಲೂ ಒಂದೇ. ನಳಿಗೆ ಮಡಚುವ ಕೀಲಿನಿಂದ ಎರಡು ಬೆರಳು ಮುಂದೆ. ಅಲ್ಲಿ ಮಾತ್ರ ಮರದ ಪಾಲಿಶ್ ಪೂರ್ತಿ ಹೋಗಿ, ಬಣ್ಣ ಕಪ್ಪಾಗಿ, ನುಣ್ಣಗಾಗಿತ್ತು. ಅಲ್ಲಿ ಹಿಡಿದರೆ ಕೋವಿ ಹಿಂದಕ್ಕೂ ವಾಲುತ್ತಿರಲಿಲ್ಲ, ಮುಂದಕ್ಕೂ ಬಗ್ಗುತ್ತಿರಲಿಲ್ಲ. ಯಾರೂ ಅಳತೆ ಹಿಡಿದು ಹೇಳಿಕೊಟ್ಟದ್ದಲ್ಲ. ಕೈಯೇ ಆ ಜಾಗ ಹುಡುಕಿಕೊಂಡಿತ್ತು.

ಭಾವನಿಗೆ ಇದನ್ನು ಫೋನಿನಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಡಿಸೆಂಬರಿನಲ್ಲಿ ಅವರು ಪುಣೆಗೆ ಬರುವವರಿದ್ದರು. ತೋರಿಸಿಯೇ ಬಿಡೋಣ ಅಂದುಕೊಂಡೆ.

ಪುಣೆ ಬಳಿಯ ಭೋಸರಿಯಲ್ಲಿ ನಾನು ಕೆಲಸ ಮಾಡುವ ಕಡೆ ಅರ್ಧ ಇಂಚಿನ ಜಿಐ ಪೈಪಿಗೆ ಬರವಿಲ್ಲ. ಒಂದು ಮೀಟರ್ ಪೈಪು 1.2 ಕೆಜಿ ತೂಗುತ್ತದೆ. ಲೇತ್‌ನಲ್ಲಿ ನಾಲ್ಕು ದಪ್ಪ ಕಾಲರ್, ಅಂದರೆ ಪೈಪಿಗೆ ತೊಡಿಸುವ ಬಳೆ, ಮಾಡಿಸಿದೆ, ಒಂದೊಂದು 450 ಗ್ರಾಂ. ಪೈಪಿನ ಮೇಲೆ ಎಲ್ಲಿ ಬೇಕೋ ಅಲ್ಲಿ ಜಾರಿಸಿ ಅಲೆನ್ ಕೀಯಿಂದ ಬಿಗಿ ಮಾಡಬಹುದು. ಒಟ್ಟು ಮೂರು ಕೆಜಿ. ಒಂದು ತುದಿಗೆ ಭುಜಕ್ಕೆ ಆನಿಸಲು ಮರದ ತುಂಡು, ಇನ್ನೊಂದು ತುದಿಗೆ ಟೇಪು ಸುತ್ತಿದ ಲೇಸರ್ ಪಾಯಿಂಟರ್. ನೋಡಲು ಕೋವಿಯ ಹಾಗೆ ಏನೂ ಇರಲಿಲ್ಲ. ಹಾಗಿರಬಾರದು ಅಂತಲೇ ಎಚ್ಚರ ವಹಿಸಿದ್ದೆ. ಲೇತ್ ನಡೆಸುವವರು ಇಂಡಿ ತಾಲೂಕಿನವರು. "ಇದೇನ್ರೀ ಸರ, ಗದಾ ಮಾಡಾಕತ್ತೀರೇನ?" ಅಂದರು.

ಮೊದಲು ನಾಲ್ಕೂ ಕಾಲರ್‌ಗಳನ್ನು ನಡುವಿಗೆ ತಂದು, ಮಧ್ಯದಿಂದ ಅತ್ತ ಎರಡು, ಇತ್ತ ಎರಡು, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಬಿಗಿ ಮಾಡಿದೆವು. ಬೆರಳ ಮೇಲೆ ಇಟ್ಟರೆ ಸರಿಯಾಗಿ ನಡುವಿನಲ್ಲಿ ನಿಲ್ಲುತ್ತಿತ್ತು. ಭುಜಕ್ಕೆ ಎತ್ತಿದರೆ ಛಕ್ಕನೆ ಬಂತು. ಗೋಡೆಯ ಮೇಲಿನ ಕೆಂಪು ಚುಕ್ಕಿಯನ್ನು ಮಾತ್ರ ಹಿಡಿದು ನಿಲ್ಲಿಸಲು ಆಗಲೇ ಇಲ್ಲ. ಉಸಿರಾಡಿದರೆ ಮೇಲೆ ಕೆಳಗೆ. ಉಸಿರು ಕಟ್ಟಿದರೆ ಎದೆಬಡಿತಕ್ಕೆ ಒಂದೊಂದು ಸಣ್ಣ ಕುಣಿತ. ಆಮೇಲೆ ಅವೇ ಕಾಲರ್‌ಗಳನ್ನು ಎರಡು ತುದಿಗಳಿಗೆ ಸರಿಸಿದೆವು. ತೂಕ ಅದೇ. ಬೆರಳ ಮೇಲೆ ನಿಲ್ಲುವ ಜಾಗವೂ ಅದೇ. ಈಗ ಎತ್ತಿ ತಿರುಗಿಸುವುದು ನಿಧಾನವಾಯಿತು, ಆದರೆ ಚುಕ್ಕಿ ಒಂದು ಕಡೆ ಕೂತಿತು. ಸಣ್ಣ ಕುಣಿತವೆಲ್ಲ ಮಾಯ. ಲೆಕ್ಕ ಹಾಕಿದರೆ ಪೈಪು ತಿರುಗಲು ಮಾಡುವ ಹಠ ಮೂರು ಪಟ್ಟಿಗಿಂತ ಜಾಸ್ತಿಯಾಗಿತ್ತು. ಯಾಕೆಂದರೆ ಇಲ್ಲಿ ದೂರ ಎರಡು ಸಲ ಗುಣಿಸಿಕೊಳ್ಳುತ್ತದೆ. ಲೇತ್‌ನವರು ಎರಡನ್ನೂ ಎತ್ತಿ ನೋಡಿ, "ತೂಕ ಅಷ್ಟ ಐತಿ ಅಂತೀರಿ, ಆದ್ರ ಮೊದಲನೇದು ಹಗುರ ಅನಸ್ತಿತ್ರಿ" ಅಂದರು.

ಕ್ರಿಕೆಟ್ ಆಡಿದವರಿಗೆ ಇದು ಗೊತ್ತಿರುವ ಸಂಗತಿಯೇ. ಅಂಗಡಿಯಲ್ಲಿ ಬ್ಯಾಟನ್ನು ತಕ್ಕಡಿಗೆ ಹಾಕುವವರು ಕಡಿಮೆ, ಕೈಯಲ್ಲಿ ಎತ್ತಿ ಪಿಕ್‌ಅಪ್ ನೋಡುವವರೇ ಎಲ್ಲ.

ಭಾವ ಪೈಪು ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ ಸರಿಯಾಗಿತ್ತು. "ಹಾಗಾದರೆ ನನಗೆ ಬೇಕಾದದ್ದು ಯಾವುದು?"

ಅದು ಕೋವಿ ದಿನವಿಡೀ ಏನು ಮಾಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಕೊಲೊರಾಡೊದಲ್ಲಿ ಎಲ್ಕ್ ಇರುವ ಕಾಡು ಸಮುದ್ರ ಮಟ್ಟದಿಂದ 2500, 3000 ಮೀಟರ್ ಮೇಲೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಸುಮ್ನೆ ನಡೆದರೂ ಏದುಸಿರು ಬರುವ ಜಾಗ ಅದು. ಹೊರಡುವ ಮೊದಲು ಪಾಠವೂ ಓದಬೇಕು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಿಕಾರಿ ಶಿಕ್ಷಣದ ಕೋರ್ಸ್ ಮುಗಿಸದೆ ಅಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಸಿಗುವುದಿಲ್ಲ. ರೈಫಲ್ ಹಿಡಿದು ಹೋಗುವವರು 500 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ತೊಟ್ಟಿರಬೇಕು. ಇಷ್ಟೆಲ್ಲ ಮಾಡಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೋವಿ ಹೊತ್ತು ನಡೆಯುತ್ತಾರೆ. ಹೊಡೆಯುವುದು, ಹೊಡೆದರೆ, ಒಂದು ಗುಂಡು. ಎಷ್ಟೋ ಸಲ ಅದೂ ಇಲ್ಲ. ಹತ್ತು ಗಂಟೆ ಹೊರುವುದಕ್ಕೆ ಹಗುರ ಬೇಕು. ಆ ಹತ್ತು ಸೆಕೆಂಡಿಗೆ, ಎದೆ ಡವಡವ ಅನ್ನುವಾಗ, ಸ್ವಲ್ಪ ಭಾರ ಬೇಕು. ಇಡೀ ತಲೆನೋವು ಇದೇ.

ಗುರಿ ಸ್ಪರ್ಧೆಯವರಿಗೆ ಈ ಜಗಳವೇ ಇಲ್ಲ. ಮಗಳು ಸ್ವಲ್ಪ ಕಾಲ ಏರ್ ರೈಫಲ್ ಕಲಿತಳು, ಹಾಗಾಗಿ ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜ್ ನೋಡಿದ್ದೇನೆ. 10 ಮೀಟರ್ ಏರ್ ರೈಫಲ್‌ಗೆ ತೂಕದ ಮಿತಿ 5.5 ಕೆಜಿ. ಮಕ್ಕಳೂ ಕೂಡ ನಳಿಗೆಗೆ ಸಣ್ಣ ಸಣ್ಣ ತೂಕ ಸಿಕ್ಕಿಸಿ ಆ ಮಿತಿಯ ಹತ್ತಿರಕ್ಕೆ ಏರಿಸಿಕೊಳ್ಳುತ್ತಾರೆ. ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ಅದಕ್ಕೆ 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಗಟ್ಟಿ ಜಾಕೆಟ್ ಮೈಯನ್ನು ಹಿಡಿದಿರುತ್ತದೆ, ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂತಿರುತ್ತದೆ. ಕೋವಿ ನಡೆಯುವ ದೂರ ಡಬ್ಬಿಯಿಂದ ಲೇನಿನವರೆಗೆ ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ರೈಫಲ್ ಸ್ಪರ್ಧೆ) ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಇದೇ ಪುಣೆಯಲ್ಲಿ ರೈಲ್ವೆ ನೌಕರಿಯಲ್ಲಿದ್ದವರು. ಅವರು ಬಳಸುವಂಥ ರೈಫಲ್ ಹೊತ್ತು ಬೆಟ್ಟ ಹತ್ತಿದರೆ ಭಾವ ಮಧ್ಯಾಹ್ನಕ್ಕೇ ವಾಪಸ್.

ಹಗುರ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಸ್ಟಾಕಿಗೆ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗಕ್ಕೆ. ಮರ ತೆಗೆದು ಟೊಳ್ಳು ಪ್ಲಾಸ್ಟಿಕ್ ಹಾಕಿದರೆ 300 ಗ್ರಾಂ ಉಳಿಯಿತು ಅಂದುಕೊಳ್ಳಿ. ತಕ್ಕಡಿಗೆ ಖುಷಿ. ಆದರೆ ಆ 300 ಗ್ರಾಂ ಹೋದದ್ದು ಹಿಂದಿನ ತುದಿಯಿಂದ. ಅದು ಸಮತೋಲದ ಜಾಗದಿಂದ 40 ಸೆಂಟಿಮೀಟರ್ ಹಿಂದಿತ್ತು ಅಂದರೆ, ಮೂರು ಕೆಜಿಯ ಕೋವಿಯ ಸಮತೋಲ ನಾಲ್ಕೂವರೆ ಸೆಂಟಿಮೀಟರಿನಷ್ಟು ಮುಂದಕ್ಕೆ ಸರಿಯುತ್ತದೆ. ನಳಿಗೆ ಮುಗ್ಗರಿಸಿದ ಹಾಗೆ ಮುಂದೆ ಬಗ್ಗುತ್ತದೆ. ಹಗುರವಾದ ಕೋವಿ ಎತ್ತಿದಾಗ ಭಾರ ಅನ್ನಿಸುವುದು ಹೀಗೆ. ಬದಲಿಗೆ ನಳಿಗೆಯ ತುದಿಯಿಂದ ಎರಡು ಇಂಚು ಕತ್ತರಿಸಿ. ತೆಳು ನಳಿಗೆಯಲ್ಲಿ ಹೋಗುವುದು 50 ಗ್ರಾಂ ಅಷ್ಟೇ. ಎಕ್ಸೆಲ್ ಹಾಳೆಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಸಮತೋಲ ಮಾತ್ರ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಬರುತ್ತದೆ.

ಈ ಲೆಕ್ಕವನ್ನು ಚೆನ್ನಾಗಿ ಬಗೆಹರಿಸಿದವರು ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್. 1980ರ ದಶಕದಲ್ಲಿ ಅವರು ಅಲ್ಟ್ರಾ ಲೈಟ್ ಆರ್ಮ್ಸ್ ಅಂತ ಶುರು ಮಾಡಿ ಮಾಡೆಲ್ 20 ತಂದರು. ನಡುವಿನ ಉಕ್ಕಿನ ಆಕ್ಷನ್, ಅಂದರೆ ಗುಂಡು ತುಂಬಿ ಬೀಗ ಹಾಕುವ ಬೋಲ್ಟ್ ಮತ್ತು ಅದರ ಗೂಡು, 20 ಔನ್ಸ್, ಸುಮಾರು 570 ಗ್ರಾಂ. ಹೆಸರೂ ಅದರಿಂದಲೇ ಬಂತು. ಕೆವ್ಲಾರ್ ಮತ್ತು ಕಾರ್ಬನ್ ಎಳೆಯ ಸ್ಟಾಕ್ ಅರ್ಧ ಕೆಜಿಗಿಂತ ಹೆಚ್ಚೇನಿಲ್ಲ. ನನಗೆ ಹಿಡಿಸಿದ್ದು ಅವರ ಕ್ರಮ. ಬರೀ ಹಿಂದಿನಿಂದ ಕೆರೆಯಲಿಲ್ಲ. ಹಿಂದೆ, ನಡುವೆ, ಎರಡೂ ಕಡೆ ಹದವಾಗಿ ತೆಗೆದರು. ನಳಿಗೆಯನ್ನು ಕಡ್ಡಿಯಷ್ಟು ತೆಳ್ಳಗೆ ಮಾಡದೆ ಬಿಟ್ಟರು. ಹಾಗಾಗಿ ಕೋವಿ ಹಗುರವಾದರೂ ಕೈಯಲ್ಲಿ ಕೂರುತ್ತಿತ್ತು. ತೀರಾ ತೆಳು ನಳಿಗೆಗೆ ಇನ್ನೊಂದು ಕಷ್ಟವೂ ಇದೆ. ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ಗುಂಡು ಬೀಳುವ ಜಾಗ ಸರಿಯಬಹುದು. ಶಿಕಾರಿಗೆ ಮೊದಲ ಒಂದೆರಡು ಗುಂಡು ಸರಿ ಹೋದರೆ ಸಾಕು ಅನ್ನುವುದು ನಿಜ, ಆದರೆ ರೇಂಜಿನಲ್ಲಿ ದುರ್ಬೀನು ಹೊಂದಿಸುವಾಗ ನಳಿಗೆ ಆರುವವರೆಗೆ ಕಾಯುತ್ತಾ ಕೂರಬೇಕು.

ದುರ್ಬೀನು ಅಂದೆನಲ್ಲ, ದೊಡ್ಡ ಮೋಸ ಅಲ್ಲಿದೆ. ಕ್ಯಾಟಲಾಗಿನ ತೂಕ ಬೋಳು ಕೋವಿಯದು. ಅದರ ಮೇಲೆ ಸ್ಕೋಪ್ (ದುರ್ಬೀನು ಅಂದದ್ದು ಇದನ್ನೇ), ಅದನ್ನು ಹಿಡಿಯುವ ರಿಂಗು, ಹೆಗಲ ಪಟ್ಟಿ, ತೋಟ ಅಂದರೆ ಕಾಡತೂಸು. ಒಂದು .308 ತೋಟ (ಅಂಕಿ ಗುಂಡಿನ ಅಗಲ, ಇಂಚಿನಲ್ಲಿ) 25 ಗ್ರಾಂ ಹತ್ತಿರ, ನಾಲ್ಕಕ್ಕೆ 100. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಾಧಾರಣ ಸ್ಕೋಪ್ 350 ರಿಂದ 400 ಗ್ರಾಂ. 50 ಮಿಲಿಮೀಟರ್ ಕಣ್ಣಿನ ದೊಡ್ಡದು 600, 700. ಟೈಟಾನಿಯಂ ಆಕ್ಷನ್ನಿಗೆ ಅಂತ ರಾಶಿ ಡಾಲರ್ ಸುರಿದು ಒಂದು ಮುಷ್ಟಿ ಗ್ರಾಂ ಉಳಿಸುವುದು, ಮೇಲೆ 700 ಗ್ರಾಮಿನ ಗಾಜಿನ ಕೊಳವೆ ಕೂರಿಸುವುದು. ಇದು ನನಗೆ ಅರ್ಥವಾಗದ ಮಾತು. ಆ ತೂಕ ನಳಿಗೆಗಿಂತ ಎತ್ತರದಲ್ಲಿರುತ್ತದೆ ಬೇರೆ. ಕೋವಿ ಕೈಯಲ್ಲಿ ಪಕ್ಕಕ್ಕೆ ಹೊರಳಲು ನೋಡುತ್ತದೆ. ಮೊದಲು ಸ್ಕೋಪ್ ಚಿಕ್ಕದು ಮಾಡಿ, ಅದನ್ನು ಆದಷ್ಟು ಕೆಳಗೆ ಕೂರಿಸಿ, ಆಮೇಲೆ ಕೋವಿಯ ಮಾತು ಅಂತ ಭಾವನಿಗೆ ಖಡಾಖಂಡಿತವಾಗಿ ಹೇಳಿದೆ. 300 ಮೀಟರ್ ಒಳಗೆ ಹೊಡೆಯುವವರಿಗೆ ಎಂಟೊಂಬತ್ತು ಪಟ್ಟು ಧಾರಾಳ.

ಗುಂಡು ಹಾರಿದಾಗ ಕೋವಿ ಭುಜಕ್ಕೆ ಕೊಡುವ ಒದೆತದ ಲೆಕ್ಕ ಸರಳ. ಅದೇ ತೋಟ, ಅದೇ ವೇಗ ಅಂದರೆ ಭುಜಕ್ಕೆ ಬರುವ ಶಕ್ತಿ ಕೋವಿಯ ತೂಕಕ್ಕೆ ತಿರುಗಾಮುರುಗಾ. .30-06 ಅನ್ನುವ ತೋಟದಲ್ಲಿ 180 ಗ್ರೇನಿನ, ಅಂದರೆ ಹನ್ನೆರಡು ಗ್ರಾಮಿನ ಹತ್ತಿರದ, ಗುಂಡು ಹೊಡೆದರೆ 3.6 ಕೆಜಿಯ ಕೋವಿ ಸುಮಾರು 27 ಜೌಲ್ ಒದೆಯುತ್ತದೆ, 2.7 ಕೆಜಿಯದು 36. ಹೆಚ್ಚುವರಿ ಒಂಬತ್ತು ಜೌಲ್‌ನಿಂದ ಯಾರೂ ಬೀಳುವುದಿಲ್ಲ. ಆದರೆ ಒದೆತದ ನೆನಪು ಇರುವವನು ಮುಂದಿನ ಗುಂಡಿಗೆ ಕಣ್ಣು ಮುಚ್ಚುತ್ತಾನೆ. ಹೀಗಾಗಿ ಹಗುರದ ಕೋವಿ ಬೇಕು ಅನ್ನುವವರು ಸಣ್ಣ ತೋಟಕ್ಕೆ ಒಗ್ಗಿಕೊಳ್ಳುವುದು ಜಾಣತನ. ಜಿಮ್ ಕಾರ್ಬೆಟ್ ಕೈಯಲ್ಲಿ ತುಂಬಾ ಕಾಲ ಇದ್ದದ್ದು ಅಂಥದ್ದೇ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣು ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕೊಟ್ಟ ರಿಗ್ಬಿ ಕಂಪನಿಯ .275 ಅದು. ಅವರ ಹತ್ತಿರ ಭಾರದ ಜೋಡಿ ನಳಿಗೆಯ ರೈಫಲ್ಲೂ ಇತ್ತು. ಕುಮಾವು ಗುಡ್ಡಗಳಲ್ಲಿ ದಿನಗಟ್ಟಲೆ ನಡೆಯುವ ಮನುಷ್ಯ .275ನ್ನು ಯಾಕೆ ಮೆಚ್ಚಿಕೊಂಡರು ಅಂತ ಬೇರೆ ಹೇಳಬೇಕಾಗಿಲ್ಲ.

ಟ್ರಿಗರ್ ಬಗ್ಗೆ ಒಂದೇ ಮಾತು. ಕೋವಿ 2.2 ಕೆಜಿ, ಟ್ರಿಗರ್ ಎಳೆಯಲು 2 ಕೆಜಿ ಬಲ ಬೇಕು ಅಂದರೆ ಬೆರಳು ಎಳೆಯುವುದು ಟ್ರಿಗರನ್ನಲ್ಲ, ಕೋವಿಯನ್ನೇ. ಹಗುರದ ಕೋವಿಗೆ ಒಂದು ಕೆಜಿಯ ಆಸುಪಾಸಿನ, ಎಳೆದಾಗ ಜಾರದೆ ತಟ್ಟನೆ ಬಿಡುವ ಟ್ರಿಗರ್ ಬೇಕೇ ಬೇಕು.

ಇಷ್ಟಾದ ಮೇಲೆ ಒಂದು ಭಾನುವಾರ ಸಿಂಹಗಡಕ್ಕೆ ಹೋದೆವು. ಪೈಪನ್ನೂ ಒಯ್ದೆವು, ಭಾವನ ಹಠ. ಲೇಸರ್, ಮರದ ತುಂಡು ಬಿಚ್ಚಿಟ್ಟು, ಕಾಲರ್‌ಗಳನ್ನು ರೈಫಲ್ಲಿನ ತೂಕದ ಹಂಚಿಕೆಗೆ ಹತ್ತಿರ ಹತ್ತಿರ ಬರುವಂತೆ ಬಿಗಿ ಮಾಡಿ, ಪಟ್ಟಿ ಕಟ್ಟಿದ್ದೆ. ಕೋಟೆ 1300 ಮೀಟರ್ ಎತ್ತರ. ಪುಣೆಯವರು ಬೆಳಿಗ್ಗೆ ಹತ್ತಿ, ಮೇಲೆ ಪಿಠ್ಲ ಭಾಕರಿ, ಮಡಕೆ ಮೊಸರು ತಿಂದು ಇಳಿಯುವ ಜಾಗ. ದಾರಿಯಲ್ಲಿ ಒಬ್ಬ ಅಜ್ಜ, "ಹೇ ಕಾಯ್ ಆಹೇ?" (ಇದೇನು?) ಅಂತ ನಿಲ್ಲಿಸಿ ಕೇಳಿದರು. ವ್ಯಾಯಾಮದ್ದು ಅಂದೆ. ಸುಳ್ಳೇನಲ್ಲ.

ಹೆಗಲಿಗೆ ಹಾಕಿಕೊಂಡಾಗ ಸಮತೋಲದ ಮಾತೇ ಬರಲಿಲ್ಲ. ಅಲ್ಲಿ ಬರೀ ತೂಕ, ಪಟ್ಟಿಯ ಅಗಲ, ಅಷ್ಟೇ. ಆದರೆ ಕಡಿದಾದ ಕಡೆ ಪಟ್ಟಿ ಜಾರುತ್ತದೆ, ಉದ್ದದ ತುದಿ ಪೊದೆಗೆ ಸಿಕ್ಕುತ್ತದೆ. ಆಗ ಕೈಯಲ್ಲಿ ಹಿಡಿಯಲೇಬೇಕು. ಒಂದೇ ಕೈ, ಇನ್ನೊಂದು ಕೈ ಬಂಡೆಗೆ. ಸಮತೋಲದ ಜಾಗ ಸಿಕ್ಕಿದರೆ ಪೈಪು ತೋಳಿನ ಜೊತೆ ಸುಮ್ನೆ ಬರುತ್ತಿತ್ತು. ಎರಡು ಬೆರಳು ಆಚೀಚೆ ಹಿಡಿದರೆ ಸ್ವಲ್ಪ ಹೊತ್ತಿಗೇ ಮಣಿಕಟ್ಟು ನೋಯುತ್ತಿತ್ತು.

ಅಲ್ಲಿ ಕೂತು ಮೊಸರು ತಿನ್ನುವಾಗ ಭಾವನಿಗೇ ಹೊಳೆದ ಒಂದು ಸಂಗತಿ ಯಾವ ಹಾಳೆಯಲ್ಲೂ ಬರುವುದಿಲ್ಲ. ರೈಫಲ್ಲಿನ ಸಮತೋಲದ ಜಾಗ ಸಾಮಾನ್ಯವಾಗಿ ಮ್ಯಾಗಜಿನ್, ಅಂದರೆ ತೋಟ ತುಂಬಿಡುವ ಗೂಡು, ಇರುವಲ್ಲೋ ಅದರ ಸ್ವಲ್ಪ ಮುಂದೋ ಬರುತ್ತದೆ. ಅಂದರೆ ಕೈ ಹಿಡಿಯುವುದು ಅಲ್ಲಿಯೇ. ಬಿಚ್ಚಿ ಹಾಕುವ ಮ್ಯಾಗಜಿನ್ ಕೆಳಗೆ ಉಬ್ಬಿಕೊಂಡಿದ್ದರೆ ಅಂಗೈಗೆ ಇಡೀ ದಿನ ಅದರ ಮೂಲೆ ಒತ್ತುತ್ತದೆ. ಫೆದರ್‌ವೇಟ್‌ನಲ್ಲಿ ತೋಟ ಒಳಗೇ ಕೂರುತ್ತದೆ, ಕೆಳಗಿನ ತಗಡು ಮರದ ಮಟ್ಟಕ್ಕೇ ಇರುತ್ತದೆ. ಬೆರಳು ಸುತ್ತ ಪೂರ್ತಿ ಬರುತ್ತದೆ. 1952ರಲ್ಲಿ ಅದನ್ನು ತಂದವರು ಬೆಟ್ಟದಲ್ಲಿ ನಡೆಯುವವರ ಕೈ ನೋಡಿಯೇ ಮಾಡಿದ್ದಾರೆ ಅನ್ನಿಸುತ್ತದೆ ನನಗೆ. ಹೆಸರಿಗೆ ತಕ್ಕ ಹಾಗೆ ಗರಿಯಷ್ಟು ಹಗುರವೇನಲ್ಲ, ಆದರೆ 22 ಇಂಚಿನ ತೆಳು ನಳಿಗೆ, ವಾಲ್‌ನಟ್ ಮರ, ಎರಡೂ ಒಂದಕ್ಕೊಂದು ತೂಗುತ್ತವೆ. ನನ್ನ ಓಟು ಅದಕ್ಕೇ ಇತ್ತು.

ಭಾವ ವಾಪಸ್ ಹೋಗಿ ಅಂಗಡಿಯಲ್ಲಿ ಎಲ್ಲವನ್ನೂ ಕೈಗೆತ್ತಿ ನೋಡಿದರು. ನೋಡುವ ಕ್ರಮ ನಾನೇ ಬರೆದು ಕೊಟ್ಟಿದ್ದೆ. ಖಾಲಿ ಇದೆಯೇ ಅಂತ ಮೊದಲು ಬೋಲ್ಟ್ ತೆರೆದು ನೋಡುವುದು. ಸ್ಕೋಪ್ ಹಾಕಿಸಿಯೇ ಎತ್ತುವುದು. ಒಂದು ಬೆರಳ ಮೇಲೆ ಇಟ್ಟು ನಿಲ್ಲುವ ಜಾಗಕ್ಕೆ ಕಾಗದದ ಟೇಪ್ ಅಂಟಿಸುವುದು, ಆ ಟೇಪಿನ ಮೇಲೆ ಹಿಡಿದು ಅಂಗಡಿಯೊಳಗೆ ಅಡ್ಡಾಡುವುದು. ಆಮೇಲೆ ಕಣ್ಣು ಮುಚ್ಚಿ, ಯಾರೂ ಇಲ್ಲದ ಗೋಡೆಯ ಕಡೆ, ಭುಜಕ್ಕೆ ತಂದು ಕಣ್ಣು ತೆರೆಯುವುದು. ಸ್ಕೋಪಿನಲ್ಲಿ ಪೂರ್ತಿ ಚಿತ್ರ ಕಂಡರೆ ಸರಿ. ಕುತ್ತಿಗೆ ಚಾಚಬೇಕಾಗಿ ಬಂದರೆ ಆ ಸ್ಟಾಕ್ ನಿಮ್ಮದಲ್ಲ.

2.2 ಕೆಜಿಯದು ಈ ಪರೀಕ್ಷೆಯಲ್ಲೇ ಬಿದ್ದುಹೋಯಿತು. ಹೊತ್ತು ನಡೆಯಲು ಸುಖ, ಗುರಿ ಹಿಡಿದರೆ ನಡುವಿನಲ್ಲಿ ತೂಕ ಕೂರಿಸಿದ ನಮ್ಮ ಪೈಪಿನ ಹಾಗೆಯೇ ಕುಣಿತ ಅಂದರು. ಕೊನೆಗೆ ತಂದದ್ದು ಟಿಕ್ಕಾ, .308ರಲ್ಲಿ. ಅಕ್ಟೋಬರ್ ಹಿಮದಲ್ಲಿ, ಮಳೆಯಲ್ಲಿ ಮರ ಉಬ್ಬುತ್ತದೆ, ಪ್ಲಾಸ್ಟಿಕ್ಕಿಗೆ ಆ ತೊಂದರೆ ಇಲ್ಲ ಅನ್ನುವುದು ಅವರ ವಾದ. ಒಪ್ಪತಕ್ಕದ್ದೇ. ಮ್ಯಾಗಜಿನ್ ಅಂಗೈಗೆ ಒತ್ತುತ್ತದೆ ಅಂತ ಆಮೇಲೆ ಫೋನಿನಲ್ಲಿ ಗೊಣಗಿದರು. ನಾನು ಏನೂ ಅನ್ನಲಿಲ್ಲ. ಚಿಕ್ಕ ಸ್ಕೋಪ್, ಪಟ್ಟಿ, ತೋಟ ಎಲ್ಲ ಸೇರಿ ಮೂರೂವರೆ ಕೆಜಿ ಚಿಲ್ಲರೆ.

ಈಗ ಹೊಸದೊಂದು ಶುರುವಾಗಿದೆ. ಗೆಳೆಯರು ಹೇಳಿದರು ಅಂತ ನಳಿಗೆಯ ಬಾಯಿಗೆ ಸೈಲೆನ್ಸರ್ ಬೇಕಂತೆ. ಅಲ್ಲಿಯ ಕಾನೂನಿನಲ್ಲಿ ಅವಕಾಶ ಇದೆ, ಕಿವಿಗೂ ಒಳ್ಳೆಯದು. ಫಿನ್ಲೆಂಡ್, ನ್ಯೂಜಿಲೆಂಡ್ ಕಡೆ ಅದು ಮಾಮೂಲು. ಆದರೆ 400 ಗ್ರಾಂ, ಅದೂ ಕೋವಿಯ ಕಟ್ಟಕಡೆಯ ತುದಿಯಲ್ಲಿ. ಲೆಕ್ಕ ಹಾಕಿದೆ. ಅವರ 22.4 ಇಂಚಿನ ನಳಿಗೆಗೆ ಅದನ್ನು ಸಿಕ್ಕಿಸಿದರೆ ಸಮತೋಲ ಆರೇಳು ಸೆಂಟಿಮೀಟರ್ ಮುಂದೆ ಓಡುತ್ತದೆ. ಅಷ್ಟು ದಿನ ಪೈಪು ಹೊತ್ತದ್ದೆಲ್ಲ ನೀರಲ್ಲಿ ಹೋಮ. ನಳಿಗೆಯನ್ನು 16 ಇಂಚಿಗೆ ಕತ್ತರಿಸಿ ಹಾಕಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಬದಲಿಗೆ ಒಂದು ಇಂಚಿಗೆ ಸೆಕೆಂಡಿಗೆ ಆರೇಳು ಮೀಟರ್‌ನಂತೆ ಗುಂಡಿನ ವೇಗ ಬಿಟ್ಟುಕೊಡಬೇಕು. ಅವರು ಹೊಡೆಯುವ ದೂರಕ್ಕೆ ಆ ನಷ್ಟ ಸಹಿಸಬಹುದು.

ಹೊಸ ಕೋವಿಯನ್ನು ಕತ್ತರಿಸು ಅಂದದ್ದಕ್ಕೆ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಬೇಡ ಬಿಡು, ಕಿವಿಗೆ ಹತ್ತಿ ಇಟ್ಟುಕೊಳ್ತೇನೆ" ಅಂದರು. ಹತ್ತಿಗೆ ನಿಲ್ಲುವ ಸದ್ದಲ್ಲ ಭಾವ, 160 ಡೆಸಿಬಲ್ ಹತ್ತಿರ ಹೋಗುತ್ತದೆ, ಒಳ್ಳೆಯ ಇಯರ್‌ಮಫ್ ತಗೊಳ್ಳಿ ಅಂದೆ. ಅದರ ತೂಕ ಎಷ್ಟು ಅಂತ ಕೇಳಿದರು.